ಹುಬ್ಬು ಗಂಟಿಕ್ಕಿದ ಜಾಗಗಳು

ಈ ತಿಂಗಳು ನಾಲ್ಕು ಪುಸ್ತಕ ಓದಿದೆ. ನಾಲ್ಕೂ ಚೆನ್ನಾಗಿದ್ದವು. ನನಗೆ ಮೈಯೆಲ್ಲ ಉರಿದುಹೋಗುತ್ತಿದೆ.

ನಗಬೇಡಿ. ಬಹಳ ವರ್ಷ ಪತ್ರಿಕೆಗೆ ಪುಸ್ತಕ ವಿಮರ್ಶೆ ಬರೆದವಳು ನಾನು. ಮೈಸೂರಿನಲ್ಲಿ ಪುಸ್ತಕ ಬಿಡುಗಡೆ ಎಂದರೆ ಲೇಖಕರು ವೇದಿಕೆಯ ಮೇಲಿಂದ ಮೊದಲು ಹುಡುಕುತ್ತಿದ್ದುದು ಇಂದುಮತಿ ಬಂದಿದ್ದಾಳೋ ಇಲ್ಲವೋ ಎಂದು. ಬರದಿದ್ದರೆ ಅವಮಾನ, ಬಂದಿದ್ದರೆ ಗಾಬರಿ. ಅಂಥವಳ ಕೈಗೆ ಒಂದರ ಹಿಂದೆ ಒಂದು ಒಳ್ಳೆಯ ಪುಸ್ತಕವೇ ಬಂದು ಬೀಳುತ್ತಿದ್ದರೆ ಅವಳು ಮಾಡುವುದಾದರೂ ಏನು?

ಮೊದಲನೆಯದು ಅಪಾರ್ಟ್‌ಮೆಂಟ್ ಸಂಘದ ಅಧ್ಯಕ್ಷನೊಬ್ಬನ ಕಾದಂಬರಿ. ಮನೆಗೆಲಸದವರು ಲಿಫ್ಟ್ ಹತ್ತಬಾರದು ಎಂದು ಬೋರ್ಡ್ ಹಾಕಿಸುವ ಆಸಾಮಿ. ಒಳ್ಳೆಯ ಆರಂಭ. ಅವನ ಮೇಲೆ ನನಗೆ ಚೆನ್ನಾಗಿ ಸಿಟ್ಟು ಏರತೊಡಗಿತ್ತು. ಪುಟ ತಿರುಗಿಸಿದರೆ ಅವನೇ ಬೋರ್ಡ್ ಕಿತ್ತುಹಾಕಿ ಲಿಫ್ಟಿನೊಳಗೆ ನಿಂತು ಅಳುತ್ತಿದ್ದಾನೆ. ಅವನ ಕಣ್ಣೀರು ಯಾರಿಗೆ ಬೇಕಿತ್ತು? ಇನ್ನೂರು ಪುಟ ಅವನನ್ನು ಬೈದುಕೊಂಡು ಓದುವ ಆಸೆ ಇಟ್ಟುಕೊಂಡಿದ್ದೆ.

ಎರಡನೆಯದರಲ್ಲಿ ಸಮುದ್ರ ಉಕ್ಕಿ ಉಳ್ಳಾಲದ ಜನ ತಾರಸಿಗಳ ಮೇಲೆ ಬದುಕುತ್ತಾರೆ. ದೋಣಿ ಕಟ್ಟುವ ವಿವರ ಸ್ವಲ್ಪ ಉದ್ದವಾಯಿತು, ನಾನು ಆಕಳಿಸಿದೆ. ಮುಂದಿನ ಅಧ್ಯಾಯದ ಹೊತ್ತಿಗೆ ನೀರೇ ಇಳಿದುಹೋಗಿತ್ತು! ಮೂರನೆಯದು ನಿವೃತ್ತ ನ್ಯಾಯಾಧೀಶರೊಬ್ಬರು ಕಾಲದಲ್ಲಿ ಹಿಂದಕ್ಕೆ ಹೋಗಿ ತಾವು ಕೊಟ್ಟ ತಪ್ಪು ತೀರ್ಪನ್ನು ಬದಲಿಸುವ ಕಥೆ. ಬದಲಿಸಲು ಆಗಬಾರದಿತ್ತು, ಅದೇ ಆ ಕಥೆಯ ಜೀವ. ಆಯಿತು, ಸಲೀಸಾಗಿ ಆಯಿತು. ನಾಲ್ಕನೆಯದರಲ್ಲಿ ಯಂತ್ರದ ನರ್ಸ್ ಒಬ್ಬಳು ಮುದುಕನೊಬ್ಬನಿಗೆ ‘ನೀವು ಉಳಿಯುವುದಿಲ್ಲ’ ಎಂದು ನೇರವಾಗಿ ಹೇಳುತ್ತಾಳೆ. ನನ್ನ ಎದೆ ಧಸಕ್ಕೆಂದಿತು. ಮರುಪುಟದಲ್ಲಿ ಮುದುಕ ಎದ್ದು ಕೂತು ಉಪ್ಪಿಟ್ಟು ಕೇಳಿದ.

ಇದೆಲ್ಲ ಲೇಖಕರ ತಪ್ಪಲ್ಲ. ಕನ್ನಡಕದ್ದು.

ಕಂಪನಿ ಅದಕ್ಕೆ ‘ಸಹೃದಯ’ ಎಂದು ಹೆಸರಿಟ್ಟಿದೆ. ಆ ಹೆಸರನ್ನು ನಾನು ಬಾಯಲ್ಲಿ ಹೇಳುವುದಿಲ್ಲ, ಕನ್ನಡಕ ಎನ್ನುತ್ತೇನೆ. ಓದುವ ಸ್ಲೇಟಿನ ಮೇಲಿನ ಅಕ್ಷರ ಆ ಕನ್ನಡಕ ಹಾಕಿಕೊಂಡರೆ ಮಾತ್ರ ಕಾಣುತ್ತದೆ. ಮೂಗಿನ ಮೇಲೆ ಕೂರುವ ಜಾಗದಲ್ಲಿ, ಕಿವಿಯ ಹಿಂದೆ, ಹುಬ್ಬಿನ ನೇರಕ್ಕೆ ಸಣ್ಣ ಸಣ್ಣ ಲೋಹದ ಚುಕ್ಕೆಗಳಿವೆ. ಓದುವವರ ಹುಬ್ಬು ಗಂಟಿಕ್ಕಿತೇ, ನಾಡಿ ಏರಿತೇ, ಕಣ್ಣು ಸಾಲು ಬಿಟ್ಟು ಹಾರಿತೇ ಎಂದು ಅವು ನೋಡುತ್ತಲೇ ಇರುತ್ತವೆ. ಎಲ್ಲಾದರೂ ಬೇಸರ ಕಂಡರೆ ಮುಂದಿನ ಪುಟ ತನ್ನಷ್ಟಕ್ಕೆ ತಿದ್ದಿಕೊಳ್ಳುತ್ತದೆ. ಹಿಂದಿರುಗಿ ನೋಡಿದರೆ ಹಿಂದಿನ ಪುಟವೂ ತಿದ್ದಿಕೊಂಡಿರುತ್ತದೆ. ಕಾಗದದ ಪುಸ್ತಕ ನಿಂತು ಎಷ್ಟೋ ಕಾಲವಾಯಿತು. ಕಾಗದ ಈಗ ಉಳಿದಿರುವುದು ಕೋರ್ಟಿಗೆ ಮತ್ತು ಮದುವೆ ಕರೆಯೋಲೆಗೆ. ಹಾಗಾಗಿ ಬೇರೆ ದಾರಿಯೂ ಇಲ್ಲ.

ನಮ್ಮ ಯಜಮಾನರು ನರಹರಿ ಇದರಿಂದ ಪರಮಸುಖಿ. ಕಾಲೇಜಿನಲ್ಲಿ ಭೂಗರ್ಭಶಾಸ್ತ್ರ ಪಾಠ ಮಾಡಿ ನಿವೃತ್ತರಾದವರು. ಒಂದು ಕಾಲದಲ್ಲಿ ಊಟವಾದ ಮೇಲೆ ನಾವಿಬ್ಬರೂ ಒಂದೇ ಪುಸ್ತಕ ಓದಿ ಜಗಳವಾಡುತ್ತಿದ್ದೆವು. ಪಕ್ಕದ ಮನೆಯವರು ಒಮ್ಮೆ ಗಾಬರಿಯಿಂದ ಬಂದು ಬಾಗಿಲು ಬಡಿದದ್ದೂ ಉಂಟು. ಈಗ ಏನಿದೆ?

“ರೀ, ಆ ನ್ಯಾಯಾಧೀಶರದ್ದು ಓದಿದ್ರಾ? ತೀರ್ಪು ಬದಲಾಗಬಾರದಿತ್ತು ಅಲ್ವಾ?” ಎಂದು ಮೊನ್ನೆ ಕೇಳಿದೆ.

“ಯಾವ ತೀರ್ಪು? ನಂದ್ರಲ್ಲಿ ಅವರು ವಾಪಸ್ ಹೋಗಿ ಕಾಲೇಜಲ್ಲಿ ಇಷ್ಟಪಟ್ಟಿದ್ದ ಹುಡುಗೀನ ಮದುವೆ ಆಗ್ತಾರೆ. ಕೋರ್ಟ್ ಇಲ್ವೇ ಇಲ್ಲ.”

“ಕೋರ್ಟೇ ಇಲ್ಲದ ನ್ಯಾಯಾಧೀಶರಾ?”

“ಚೆನ್ನಾಗಿತ್ತಮ್ಮ. ನನಗೆ ಕೋರ್ಟು ಕಚೇರಿ ಅಂದ್ರೆ ಬೋರು, ನಿಂಗೊತ್ತಲ್ಲ” ಎಂದು ಮೊಸರನ್ನ ಕಲಸಿಕೊಂಡರು.

ಒಂದು ಊಟದ ಮೇಜು, ಎರಡು ಪುಸ್ತಕ. ಜಗಳವಾಡಲು ಏನೂ ಇಲ್ಲ. ಅವರು ತಿಂದ ತಟ್ಟೆ ಎತ್ತಿಕೊಂಡು ಹೋದರು, ನಾನು ಗೋಡೆ ನೋಡುತ್ತಾ ಕೂತೆ.

ಇಂಥ ಕಾಲದಲ್ಲೂ ನಾನು ಒಂದೇ ಒಂದು ಪುಸ್ತಕಕ್ಕೆ ಆಸೆಯಿಂದ ಕಾಯುತ್ತಿದ್ದೆ. ಚೆನ್ನಾಜಮ್ಮನದು. ನನ್ನ ಹಳೆಯ ಗೆಳತಿ, ಒಂಟಿಕೊಪ್ಪಲಿನವಳು. ನೀರು ಸರಬರಾಜು ಇಲಾಖೆಯಲ್ಲಿ ಇಂಜಿನಿಯರ್ ಆಗಿದ್ದು ನಿವೃತ್ತಿಯ ಮೇಲೆ ತನ್ನ ಮೊದಲ ಕಾದಂಬರಿಗೆ ಕೈಹಾಕಿದ್ದಳು. ಹೆಸರು ‘ಮೂರನೇ ವಾಲ್ವು’. ಮುಂದೆ ಎಂದೋ ಬರಬಹುದಾದ ಒಂದು ಬೇಸಿಗೆಯ ಕಥೆ ಅದು. ಊರಿನ ಮೂರು ಬಡಾವಣೆಗೆ ಮೂರು ವಾಲ್ವು, ಟ್ಯಾಂಕಿನಲ್ಲಿ ಎರಡಕ್ಕೆ ಸಾಲುವಷ್ಟೇ ನೀರು. ವಾಲ್ವು ತಿರುಗಿಸುವ ಸಿಂಗಾರಮ್ಮ ಕೊನೆಗೆ ತನ್ನದೇ ಬೀದಿಯ ನೀರು ನಿಲ್ಲಿಸುತ್ತಾಳೆ. ಅದೇ ಬೀದಿಯಲ್ಲಿ ಎದುರುಮನೆಯಲ್ಲಿರುವ ಅವಳ ಅಕ್ಕ ಅಂದಿನಿಂದ ಮಾತು ಬಿಡುತ್ತಾಳೆ.

ಪ್ರತಿ ಶನಿವಾರ ಮಧ್ಯಾಹ್ನ ನಾನು ಅವಳ ಮನೆಗೆ ಹೋಗುತ್ತಿದ್ದೆ. ಬರೆದ ಅಧ್ಯಾಯವನ್ನು ಅವಳು ಗಟ್ಟಿಯಾಗಿ ಓದುವಳು. ನಮ್ಮದೊಂದು ಕಟ್ಟಳೆ ಇತ್ತು. ಓದುವಾಗ ನಾನು ಬಾಯಿ ತೆರೆಯುವಂತಿಲ್ಲ. ಒಪ್ಪಿಗೆಯಾಗದ ವಾಕ್ಯ ಬಂದರೆ ಕಾಫಿ ಕುಡಿದ ಸ್ಟೀಲ್ ಲೋಟವನ್ನು ಚಮಚದಿಂದ ತಟ್ಟಬೇಕು. ಆಗ ಅವಳು ಆ ಭಾಗವನ್ನು ಮೊದಲಿನಿಂದ ಮತ್ತೆ ಓದಿ, ಯಾಕೆ ಹಾಗೆ ಬರೆದೆ ಎಂದು ಹೇಳಬೇಕು. ನಾನು ಒಪ್ಪದಿದ್ದರೆ ಇನ್ನೊಂದು ಸಲ ತಟ್ಟುತ್ತೇನೆ, ಅವಳು ಇನ್ನೊಂದು ಸಲ ಓದುತ್ತಾಳೆ. ಹೀಗೆ ಕೆಲವು ಪ್ಯಾರಾಗಳು ಸಂಜೆ ದೀಪ ಹಾಕುವವರೆಗೂ ಮುಗಿದದ್ದಿಲ್ಲ. ನಾನು ತಟ್ಟಿದೆನೆಂದು ಅವಳು ಒಂದಕ್ಷರ ತಿದ್ದಿದವಳೂ ಅಲ್ಲ. ಕೊನೆಯ ಅಧ್ಯಾಯದ ದಿನವಂತೂ ಲೋಟ ನಗ್ಗಿಹೋಯಿತು.

ಪುಸ್ತಕ ಬಿಡುಗಡೆಗೆ ಇನ್ನೇನು ಬಂತು ಎನ್ನುವಾಗ ಒಂದು ಮಧ್ಯಾಹ್ನ ಚೆನ್ನಾಜ ಆಟೋದಲ್ಲಿ ನಮ್ಮ ಮನೆಗೆ ಬಂದಿಳಿದಳು. ಸ್ಲೇಟನ್ನು ಸೆರಗಿನಲ್ಲಿ ಸುತ್ತಿಕೊಂಡಿದ್ದಳು. ಮುಖ ಬಿಳಿಚಿತ್ತು.

“ಇಂದೂ, ನನ್ನ ಪುಸ್ತಕ ಹೋಯ್ತು ಕಣೆ.”

“ಕಳೆದುಹೋಯ್ತಾ?”

“ಇದೆ. ಇಲ್ಲೇ ಇದೆ. ನಂದಲ್ಲ ಅಷ್ಟೆ.”

ನೀರು ಕೊಟ್ಟು ಕೂರಿಸಿ ವಿಷಯ ಕೇಳಿದೆ. ಬರೆಯುವಾಗ ಕನ್ನಡಕ ಅಕ್ಷರ ತೋರಿಸುತ್ತದೆಯೇ ಹೊರತು ಬದಲಿಸುವುದಿಲ್ಲ. ಬರೆದು ಮುಗಿಸಿ ‘ಕಳಿಸು’ ಎಂಬ ಗುಂಡಿ ಒತ್ತಿದ ಮೇಲೆ ಅದು ಓದುವ ಪುಸ್ತಕವಾಗಿಬಿಡುತ್ತದೆ. ಚೆನ್ನಾಜ ಗುಂಡಿ ಒತ್ತಿದಳು. ಒತ್ತಿದವಳು ಸುಮ್ಮನೆ ಕೂರಬಾರದಿತ್ತೇ? ಬರೆಯುವವರಿಗೆ ಅದೊಂದು ರೋಗ. ಇನ್ನೊಂದು ಸಲ ಕಣ್ಣಾಡಿಸೋಣ ಎಂದು ಮೊದಲಿನಿಂದ ಕೊನೆಯವರೆಗೆ ಓದಿದ್ದಾಳೆ. ಒಂದೊಂದು ವಾಕ್ಯಕ್ಕೂ ‘ಅಯ್ಯೋ, ಇದನ್ನ ಹೀಗ್ಯಾಕೆ ಬರೆದೆ’ ಎಂದು ಹುಬ್ಬು ಗಂಟಿಕ್ಕಿಕೊಂಡೇ ಓದಿದ್ದಾಳೆ. ಬೇರೆ ಓದುಗರಿಗಾದರೆ ಅವರವರ ಪ್ರತಿ ಮಾತ್ರ ಬದಲಾಗುತ್ತದೆ. ಇದು ಲೇಖಕಿಯ ಖಾತೆ. ಇಲ್ಲಿ ಬದಲಾದದ್ದನ್ನು ಯಂತ್ರ ಲೇಖಕಿಯೇ ಮಾಡಿದ ತಿದ್ದುಪಡಿ ಎಂದುಕೊಂಡು ಮೂಲವನ್ನೇ ಅಳಿಸಿ ಬರೆದಿತ್ತು.

“ಕೊನೆ ಅಧ್ಯಾಯ ಇಲ್ವೇ ಇಲ್ಲ ಕಣೆ. ಅದರ ಬದಲು ಅಕ್ಕ ಬೀದಿ ದಾಟಿ ಬಂದು ಸಿಂಗಾರಮ್ಮನ್ನ ತಬ್ಕೋತಾಳೆ. ನೀನು ಮಾಡಿದ್ದು ಸರಿ ಕಣೇ ತಂಗಿ ಅಂತಾಳೆ.”

ಚೆನ್ನಾಜನ ಸ್ವಂತ ಅಕ್ಕ ಇಂಥದೇ ಒಂದು ಬೇಸಿಗೆಯಲ್ಲಿ ಅವಳೊಡನೆ ಮಾತು ಬಿಟ್ಟವರು. ತೀರಿಕೊಳ್ಳುವವರೆಗೂ ಮತ್ತೆ ಮಾತಾಡಲಿಲ್ಲ. ಅದು ನನಗೆ ಗೊತ್ತಿತ್ತು. ಆ ಪುಸ್ತಕ ಬರೆದದ್ದೇ ಅದಕ್ಕೆ ಎಂದು ಇಬ್ಬರೂ ಬಾಯಿಬಿಟ್ಟು ಹೇಳಿಕೊಂಡಿರಲಿಲ್ಲ.

“ಓದ್ದಾಗ ಒಂದು ಕ್ಷಣ ಹಾಯ್ ಅನ್ನಿಸ್ತು ಕಣೆ” ಎಂದಳು ಚೆನ್ನಾಜ. “ನಮ್ಮಕ್ಕನೇ ಬಂದಹಾಗೆ. ಆಮೇಲೆ ವಾಕರಿಕೆ ಬಂತು. ಅವಳು ಬರ್ಲಿಲ್ಲ ಇಂದೂ. ಬರ್ದೇ ಹೋದ್ಲು. ಅದನ್ನೂ ನನ್ನಿಂದ ಕಿತ್ಕೊಂಡ್ರೆ ನಂಗೇನ್ ಉಳೀತು?”

“ನಿನಗೆ ನೆನಪಿಲ್ವಾ? ನೀನೇ ಬರೆದದ್ದು, ಮತ್ತೆ ಬರಿ.”

“ಎಷ್ಟು ಸಲ ಹೊಡೆದುಹಾಕಿ ಬರೆದಿದ್ದೀನಿ ಗೊತ್ತಾ ನಿಂಗೆ? ಯಾವ್ದು ಇಟ್ಟೆ, ಯಾವ್ದು ಬಿಟ್ಟೆ ಅಂತ ತಲೇಲಿ ಎಲ್ಲ ಕಲಸಿಹೋಗಿದೆ. ಬರೆದ್ರೆ ಇನ್ನೊಂದು ಪುಸ್ತಕ ಆಗುತ್ತೆ, ಇದಾಗಲ್ಲ.”

ಮಾರನೆಯ ದಿನವೇ ಇಬ್ಬರೂ ಕಂಪನಿಗೆ ಹೋದೆವು. ಊರಾಚೆ, ಗಾಜಿನ ಕಟ್ಟಡ. ಒಳಗೆ ಯಶಸ್ವಿನಿ ಎಂಬ ಇಂಜಿನಿಯರ್ ಹುಡುಗಿ ನಮ್ಮನ್ನು ನಿಯಂತ್ರಣ ಕೊಠಡಿಗೆ ಕರೆದುಕೊಂಡು ಹೋದಳು. ಒಂದು ಇಡೀ ಗೋಡೆ ತುಂಬ ಸಾಸಿವೆ ಕಾಳಿನಷ್ಟು ದೀಪಗಳು. ಒಂದೊಂದು ದೀಪ ಈಗ ಎಲ್ಲೋ ಕೂತು ಓದುತ್ತಿರುವ ಒಬ್ಬೊಬ್ಬ ಓದುಗ. ಗೋಡೆ ಪೂರ್ತಿ ಹಸಿರು.

“ಹಸಿರು ಅಂದ್ರೆ?” ಎಂದೆ.

“ತೃಪ್ತಿ ಮೇಡಂ.”

ಅಲ್ಲೊಂದು ದೀಪ ಕೆಂಪಾಯಿತು. ನನಗೆ ಖುಷಿಯಾಯಿತು. ಪಾಪ, ಯಾರೋ ಒಬ್ಬರಿಗಾದರೂ ಏನೋ ಹಿಡಿಸಲಿಲ್ಲ. ನಾನು ನೋಡುತ್ತಿದ್ದಂತೆಯೇ ಅದು ಕಿತ್ತಳೆಯಾಗಿ, ಹಳದಿಯಾಗಿ, ಹಸಿರಾಯಿತು.

“ನನ್ನ ಹಳೇ ಓದು ತೋರಿಸಮ್ಮ. ಇಂದುಮತಿ, ಸರಸ್ವತಿಪುರಂ.”

ಅವಳು ಏನೋ ಒತ್ತಿ ನೋಡಿದಳು. “ಈ ತಿಂಗಳು ನಾಲ್ಕು ಪುಸ್ತಕ. ನಾಲ್ಕೂ ಹಸಿರಲ್ಲೇ ಮುಗಿದಿದೆ.”

“ನಾನು ನಾಲ್ಕನ್ನೂ ಬೈಕೊಂಡು ಮುಗಿಸಿದೆ!”

“ಅದು ಮುಗಿದ ಮೇಲಿನ ಸಿಟ್ಟು ಮೇಡಂ. ಕನ್ನಡಕ ತೆಗೆದ ಮೇಲಿಂದು ನಮಗೆ ಗೊತ್ತಾಗಲ್ಲ” ಎಂದಳು ಆ ಹುಡುಗಿ, ತಾನೇ ತಪ್ಪು ಮಾಡಿದಂತೆ ಮುಖ ಮಾಡಿ. ಇಂಥವರ ಮೇಲೆ ರೇಗುವುದಾದರೂ ಹೇಗೆ? ಆದರೂ ರೇಗಿದೆ. ಓದುಗರಿಗೆ ಏನು ಬೇಕೋ ಅದನ್ನೇ ಕೊಡುತ್ತಾ ಹೋದರೆ ಅದು ಪುಸ್ತಕವಲ್ಲ, ಹೋಟೆಲು ಎಂದೆ. ಹೋಟೆಲಿನಲ್ಲೂ ಉಪ್ಪು ಹೆಚ್ಚಾದರೆ ಹೇಳಿ ಜಗಳವಾಡಬಹುದು, ಇಲ್ಲಿ ಅದೂ ಇಲ್ಲ ಎಂದೆ. ನೀನು ಏನು ಓದುತ್ತೀಯ ಎಂದು ಕೇಳಿದೆ.

“ನಾನು ಓದಲ್ಲ ಮೇಡಂ. ಕೊನೇಲಿ ಏನಾಗುತ್ತೆ ಅಂತ ಗೊತ್ತಿರುತ್ತಲ್ಲ” ಎಂದಳು.

ಚೆನ್ನಾಜ ಸ್ಲೇಟನ್ನು ಅವಳ ಮುಂದೆ ಹಿಡಿದಳು. ಈಗ ಕೇಳಿದಳು: “ನನ್ನ ಹಳೇದು ವಾಪಸ್ ಸಿಗುತ್ತೇನಮ್ಮ?”

ಯಶಸ್ವಿನಿ ಬಹಳ ಹೊತ್ತು ಹುಡುಕಿದಳು. ನಿಜವಾಗಿಯೂ ಹುಡುಕಿದಳು, ಅದನ್ನು ಹೇಳಲೇಬೇಕು. ಕೊನೆಗೆ ತಲೆ ಅಲ್ಲಾಡಿಸಿದಳು. “ಲೇಖಕರೇ ತಿದ್ದಿದ್ದು ಅಂತ ಬಂದಿದೆ ಮೇಡಂ. ಹಾಗಾಗಿ ಹಳೇ ಮಾತುಗಳನ್ನ ಇಟ್ಕೊಂಡಿಲ್ಲ. ಎಲ್ಲೆಲ್ಲಿ ಬದಲಾಯ್ತು ಅನ್ನೋದು ಮಾತ್ರ ಇದೆ. ಅಲ್ಲಿ ಮೊದಲು ಏನಿತ್ತು ಅನ್ನೋದು ಇಲ್ಲ.”

ಪರದೆಯ ಮೇಲೆ ಇಡೀ ಕಾದಂಬರಿ ಒಂದು ಉದ್ದನೆಯ ಪಟ್ಟೆಯಾಗಿ ಕಾಣಿಸಿತು. ಹೆಚ್ಚಿನದೆಲ್ಲ ಹಸಿರು. ನಡುನಡುವೆ ಕೆಂಪು ಗೀರು. ಅವು ಚೆನ್ನಾಜನ ಹುಬ್ಬು ಗಂಟಿಕ್ಕಿದ ಜಾಗಗಳು. ತುದಿಯಲ್ಲಿ, ಕೊನೆಯ ಅಧ್ಯಾಯವಿದ್ದಲ್ಲಿ, ಪಟ್ಟೆ ಪೂರ್ತಿ ಕೆಂಪು.

ನಾನು ಹತ್ತಿರ ಹೋಗಿ ನೋಡಿದೆ. ಮೊದಲ ಗೀರು ಎರಡನೇ ಅಧ್ಯಾಯದ ಆರಂಭದಲ್ಲಿ. ಅಲ್ಲಿ ಬೀದಿಗಳ ಹೆಸರಿನ ಒಂದು ಉದ್ದ ಸರಮಾಲೆ ಇತ್ತು, ‘ಇದೇನು ಪೋಸ್ಟ್‌ಮ್ಯಾನ್ ಕಥೆಯಾ’ ಎಂದು ಲೋಟ ತಟ್ಟಿದ್ದೆ. ಮುಂದಿನದು ಟ್ಯಾಂಕಿನ ಮೇಲೆ ಹತ್ತಿ ಸಿಂಗಾರಮ್ಮ ಬೀಡಿ ಸೇದುವ ಜಾಗ. ಅದಕ್ಕೂ ತಟ್ಟಿದ್ದೆ. ಅದರ ಮುಂದಿನದು ದೇವರ ಮುಂದೆ ನಿಂತು ಏನೂ ಬೇಡದೆ ವಾಪಸು ಬರುವುದು. ತಟ್ಟಿದ್ದೆ, ಎರಡು ಸಲ.

“ಚೆನ್ನಾಜ, ಇದೆಲ್ಲ ನಾನು ಜಗಳವಾಡಿದ ಜಾಗ ಕಣೆ!”

“ಇನ್ಯಾರದ್ದು?” ಎಂದಳು ಅವಳು ಬೇಸತ್ತು. “ಓದ್ತಾ ಕೂತಿದ್ರೆ ಕಿವೀಲಿ ನಿನ್ನ ಲೋಟದ ಸದ್ದೇ. ಎದುರಿಗೆ ನೀನಿದ್ದಾಗ ಬಾಯಿಗೆ ಬಾಯಿ ಕೊಡ್ತಿದ್ದೆ. ಒಬ್ಳೇ ಕೂತಾಗ ನೀನು ಹೇಳಿದ್ದೇ ಸರಿಯೇನೋ ಅನ್ನಿಸ್ತು. ಮುಖ ಗಂಟಿಕ್ಕಿದೆ. ಹೋಯ್ತು.”

ನನಗೆ ಕಪಾಳಕ್ಕೆ ಹೊಡೆದಂತಾಯಿತು. ಅದರ ಹಿಂದೆಯೇ ಇನ್ನೊಂದು ಹೊಳೆಯಿತು. ಹಸಿರು ಭಾಗ ನನಗೆ ಅಷ್ಟಾಗಿ ನೆನಪಿರಲಿಲ್ಲ. ಕೇಳಿದ್ದೆ, ತಲೆದೂಗಿದ್ದೆ, ಮರೆತಿದ್ದೆ. ಕೆಂಪು ಭಾಗ ಒಂದೊಂದೂ ಅಕ್ಷರ ಅಕ್ಷರ ನೆನಪಿತ್ತು. ಮತ್ತೆ ಮತ್ತೆ ಓದಿಸಿಕೊಂಡು, ಮತ್ತೆ ಮತ್ತೆ ಬೈದಿದ್ದೆನಲ್ಲ! ಹಿಡಿಸಿದ್ದು ಯಂತ್ರದಲ್ಲಿದೆ. ಹಿಡಿಸದ್ದು ನನ್ನಲ್ಲಿದೆ.

“ಹಾಳೆ ತಗೋ” ಎಂದೆ. “ನಾನು ಹೇಳ್ತೀನಿ, ನೀನು ಬರಿ.”

“ಉಳಿದದ್ದನ್ನ ಓದೋರ್ಯಾರು? ನಾನು ಕನ್ನಡಕ ಹಾಕ್ಕೊಂಡ್ರೆ ಇರೋದೂ ಹೋಗುತ್ತೆ. ನೀನು ಹಾಕ್ಕೊಂಡ್ರಂತೂ ಮುಗೀತು.”

ಅದೂ ನಿಜವೇ. ಲೇಖಕಿಯ ಖಾತೆಯನ್ನು ಹುಬ್ಬು ಗಂಟಿಕ್ಕದೆ ಓದಬಲ್ಲವರು ಬೇಕು. ಏನು ಓದಿದರೂ ಚೆನ್ನಾಗಿದೆ ಎನ್ನುವವರು, ಮನಸ್ಸಿನಲ್ಲಿ ಒಂದು ಅಲೆಯೂ ಏಳದವರು. ಅಂಥವರು ಎಲ್ಲಿ ಸಿಗುತ್ತಾರೆ ಎಂದು ಯಶಸ್ವಿನಿ ಕೇಳಿದಳು. ನಮ್ಮ ಮನೆಯಲ್ಲೇ ಇದ್ದಾರೆ ಎಂದೆ.

ಬೇರೆಯವರ ಕನ್ನಡಕಕ್ಕೂ ಆ ಸ್ಲೇಟು ತೆರೆಯುವಂತೆ ಯಶಸ್ವಿನಿ ಮಾಡಿಕೊಟ್ಟಳು. ಹೊರಡುವಾಗ ಬಾಗಿಲವರೆಗೆ ಬಂದು, “ಕೊನೆ ಅಧ್ಯಾಯದಲ್ಲಿ ಏನಿತ್ತು ಮೇಡಂ?” ಎಂದು ಕೇಳಿದಳು. “ಪಾತ್ರೆ ತೊಳೆಯೋದು” ಎಂದೆ. ಅವಳು ನಂಬಲಿಲ್ಲ.

ಮರುದಿನದಿಂದ ನಮ್ಮ ಊಟದ ಮೇಜಿನ ಮೇಲೆ ಕೆಲಸ ಶುರುವಾಯಿತು. ಕೋರ್ಟಿನ ಎದುರಿನ ಜೆರಾಕ್ಸ್ ಅಂಗಡಿಯಿಂದ ಒಂದು ಕಟ್ಟು ಬಿಳಿ ಹಾಳೆ ತಂದಿದ್ದೆವು. ನರಹರಿ ಕನ್ನಡಕ ಹಾಕಿಕೊಂಡು ಸ್ಲೇಟು ನೋಡಿ ಓದುವುದು, ಚೆನ್ನಾಜ ಬರೆದುಕೊಳ್ಳುವುದು, ಕೆಂಪು ಗೀರು ಬಂದಾಗ ನಾನು ಲೋಟ ತಟ್ಟುವುದು. ತಟ್ಟಿದೊಡನೆ ಅವರು ಕನ್ನಡಕ ತೆಗೆದು ಕೆಳಗಿಡಬೇಕು, ನಾನು ಹಳೆಯದನ್ನು ಹೇಳಬೇಕು.

ಮೊದಲೆರಡು ದಿನ ಸೊಗಸಾಗಿ ನಡೆಯಿತು. ನರಹರಿ ಪಂಚಾಂಗ ಓದುವವರ ಹಾಗೆ ಒಂದೇ ಧಾಟಿಯಲ್ಲಿ ಓದುತ್ತಾ ಹೋದರು. ಒಂದು ಪದವೂ ಕದಲಲಿಲ್ಲ. ಇಷ್ಟು ವರ್ಷಕ್ಕೆ ಇವರ ಈ ಗುಣ ಉಪಯೋಗಕ್ಕೆ ಬಂತಲ್ಲ ಎಂದು ನಾನೂ ಸಮಾಧಾನಪಟ್ಟೆ.

ಮೂರನೆಯ ದಿನ ಎಡವಟ್ಟಾಯಿತು. ಬೀಡಿಯ ಭಾಗ. ಸ್ಲೇಟಿನಲ್ಲಿ ಸಿಂಗಾರಮ್ಮ ಟ್ಯಾಂಕಿನ ಮೇಲೆ ಕೂತು ಸೂರ್ಯಾಸ್ತ ನೋಡುತ್ತಿದ್ದಳು. ನಾನು ಲೋಟ ತಟ್ಟಿ ಹಳೆಯದನ್ನು ಹೇಳಿದೆ: ಅವಳು ಅಪ್ಪನ ಬೀಡಿಕಟ್ಟು ತೆಗೆದು ಒಂದನ್ನು ಹಚ್ಚುತ್ತಾಳೆ, ಎರಡು ದಮ್ಮು ಎಳೆದು ಕೆಮ್ಮುತ್ತಾಳೆ, ಉಳಿದದ್ದನ್ನು ಟ್ಯಾಂಕಿನ ನೀರಿಗೆ ಎಸೆಯಲು ಹೋಗಿ, ಕುಡಿಯುವ ನೀರು ಎಂದು ನೆನಪಾಗಿ, ಸೆರಗಿನ ತುದಿಯಲ್ಲಿ ಆರಿಸಿ ಕಟ್ಟಿಕೊಳ್ಳುತ್ತಾಳೆ.

“ಇದು ಚೆನ್ನಾಗಿದೆಯಲ್ಲ!” ಎಂದರು ನರಹರಿ. “ಇದನ್ನ ತೆಗೆದು ಸೂರ್ಯಾಸ್ತ ಹಾಕಿದೆಯಾ ಆ ದರಿದ್ರ?”

“ನನಗೆ ಆಗಲೂ ಹಿಡಿಸಿರಲಿಲ್ಲ” ಎಂದೆ. “ಸುಮ್ಮನೆ ನಾಟಕ.”

“ನಾಟಕ ಏನು ಬಂತು? ಸೆರಗು ಸುಟ್ರೂ ಪರ್ವಾಗಿಲ್ಲ, ನೀರು ಕೆಡಬಾರ್ದು ಅಂತ. ಅವಳು ಮುಂದೆ ಮಾಡೋದೆಲ್ಲ ಇಲ್ಲೇ ಇದೆ. ಇಷ್ಟು ಅರ್ಥ ಆಗ್ಲಿಲ್ವಾ ನಿಂಗೆ?”

ಚೆನ್ನಾಜ ಪೆನ್ನು ಹಿಡಿದುಕೊಂಡೇ ನಕ್ಕಳು. ನರಹರಿ ಅದೇ ಆವೇಶದಲ್ಲಿ ಕನ್ನಡಕ ಏರಿಸಿಕೊಂಡರು, ಸ್ಲೇಟು ನೋಡಿದರು. ನೋಡುತ್ತಲೇ ಅವರ ಹುಬ್ಬು ಸೇರಿಕೊಂಡಿತು. ಎಷ್ಟೋ ವರ್ಷದ ಮೇಲೆ ನಾನು ಆ ಗಂಟು ನೋಡಿದ್ದು. ಒಂದು ಕ್ಷಣ ಖುಷಿಯಾಯಿತು, ಮರುಕ್ಷಣ ಮುಂದಿದ್ದ ಸ್ಲೇಟು ನೆನಪಾಯಿತು.

“ತೆಗೀರಿ! ಕನ್ನಡಕ ತೆಗೀರಿ!” ಎಂದು ಇಬ್ಬರೂ ಕೂಗಿಕೊಂಡೆವು.

ತೆಗೆಯುವಷ್ಟರಲ್ಲಿ ಮುಂದಿನ ಅರ್ಧ ಪುಟ ಹೋಗಿತ್ತು. ಅದು ಹಸಿರು ಭಾಗ. ನನಗೆ ನೆನಪಿಲ್ಲದ್ದು. ಚೆನ್ನಾಜ ಬಹಳ ಹೊತ್ತು ಕಣ್ಣು ಮುಚ್ಚಿ ಕೂತು ನೋಡಿದಳು, ಅವಳಿಗೂ ಬರಲಿಲ್ಲ. ಆ ಜಾಗವನ್ನು ಹಾಳೆಯಲ್ಲಿ ಖಾಲಿ ಬಿಟ್ಟೆವು. ಈಗಲೂ ಖಾಲಿಯಿದೆ.

ಅಂದಿನಿಂದ ನರಹರಿಗೆ ಕಾವಲು ಬೇಕಾಯಿತು. ಓದುತ್ತಾ ಓದುತ್ತಾ ಅವರಿಗೆ ಅಭಿಪ್ರಾಯ ಬರತೊಡಗಿತ್ತು. ಮುಖ ಬಿಗಿಯಿತೆಂದರೆ ನಾನು ಮೊಣಕೈಯಿಂದ ತಿವಿಯುತ್ತಿದ್ದೆ. ಅವರು ಕಣ್ಣು ಮುಚ್ಚಿ ಶ್ಲೋಕ ಹೇಳಿಕೊಂಡು, ಹುಬ್ಬು ಸಡಿಲಿಸಿ, ಮತ್ತೆ ಪಂಚಾಂಗದ ಧಾಟಿಗೆ ಬರುತ್ತಿದ್ದರು. ಅಂತೂ ಕೊನೆಯ ಅಧ್ಯಾಯದ ಬಾಗಿಲಿಗೆ ಬಂದು ನಿಂತೆವು. ಇನ್ನು ಸ್ಲೇಟಿನ ಕೆಲಸವಿಲ್ಲ. ನರಹರಿ ಕನ್ನಡಕ ಡಬ್ಬಿಯಲ್ಲಿಟ್ಟು ಕಾಫಿ ಮಾಡಲು ಒಳಗೆ ಹೋದರು.

ಆ ಅಧ್ಯಾಯದಲ್ಲಿ ಏನೂ ಆಗುವುದಿಲ್ಲ. ನೀರು ನಿಲ್ಲಿಸಿ ಮನೆಗೆ ಬಂದ ಸಿಂಗಾರಮ್ಮ ಉಳಿದ ಒಂದು ಕೊಡ ನೀರಿನಲ್ಲಿ ಪಾತ್ರೆ ತೊಳೆಯುತ್ತಾಳೆ. ಒಂದೊಂದು ಪಾತ್ರೆಯ ಹೆಸರು ಹಿಡಿದು, ಅದು ಎಲ್ಲಿಂದ ಬಂತು, ಅದರಲ್ಲಿ ಏನು ಬೇಯಿಸಿದ್ದರು, ಎಲ್ಲಿ ನಗ್ಗಿದೆ ಎಂದು ಪುಟಗಟ್ಟಲೆ. ಕೇಳಿದ ದಿನ ನನಗೆ ತಲೆ ಚಿಟ್ಟು ಹಿಡಿದಿತ್ತು. ಇಡೀ ಕಾದಂಬರಿ ಕಟ್ಟಿ ಕೊನೆಗೆ ಮುಸುರೆ ತಿಕ್ಕಿಸುತ್ತೀಯಲ್ಲೇ ಎಂದು ಕಿರುಚಿದ್ದೆ. ಅವಳು ಮೊದಲಿನಿಂದ ಓದಿದ್ದಳು. ನಾನು ತಟ್ಟಿದ್ದೆ. ಮತ್ತೆ ಓದಿದ್ದಳು.

ಈಗ ನಾನು ಹೇಳುತ್ತಾ ಹೋದೆ. ಅನ್ನದ ತಪ್ಪಲೆ. ಸಾರಿನ ಪಾತ್ರೆ. ಅವ್ವನ ಕಾಲದ ಹಿತ್ತಾಳೆ ಸೌಟು. ಹೇಳುತ್ತಾ ಹೇಳುತ್ತಾ ನನ್ನ ಧ್ವನಿಯೇ ನನಗೆ ಬೇರೆಯಾಗಿ ಕೇಳತೊಡಗಿತು. ನೀರು ಕಡಿಮೆಯಾಗುತ್ತಾ ಬರುತ್ತದೆ, ಅವಳು ಅದನ್ನು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಬಗ್ಗಿಸುತ್ತಾ ಹೋಗುತ್ತಾಳೆ. ಕೊನೆಗೆ ಉಳಿಯುವುದು ಅಕ್ಕನ ಮನೆಯ ಬೋಗುಣಿ. ಯುಗಾದಿಯಲ್ಲಿ ಒಬ್ಬಟ್ಟಿನ ಸಾರು ತುಂಬಿ ಕಳಿಸಿದ್ದು, ವಾಪಸು ಹೋಗಿರಲಿಲ್ಲ. ಅದನ್ನು ಕಲಕಿದ ನೀರಿನಲ್ಲಿ ತೊಳೆದು, ಸೆರಗಿನಿಂದ ಒರೆಸಿ, ಎದುರುಮನೆಯ ಕಾಂಪೌಂಡ್ ಗೋಡೆಯ ಮೇಲೆ ಇಟ್ಟು ಬರುತ್ತಾಳೆ.

ಚೆನ್ನಾಜ ಬರೆಯುವುದನ್ನು ನಿಲ್ಲಿಸಿದಳು.

“ಆಮೇಲೆ ಒಂದು ವಾಕ್ಯ ಇದೆ” ಎಂದೆ.

“ಗೊತ್ತು.”

“ಬರಿ. ‘ಬೆಳಗ್ಗೆ ಬೋಗುಣಿ ಅಲ್ಲೇ ಇತ್ತು.’ ಇದೂ ಒಂದು ಕೊನೇ ವಾಕ್ಯಾನಾ ಅಂತ ಲೋಟ ಕುಟ್ಟಿದ್ದೆ.”

ಅವಳು ಪೆನ್ನು ಕೆಳಗಿಟ್ಟಳು. ಕಣ್ಣು ತುಂಬಿತ್ತು. “ಇಂದೂ, ಬೆಳಗ್ಗೆ ಬೋಗುಣಿ ಅಲ್ಲಿರ್ಲಿಲ್ಲ ಅಂತ ಬರೆದ್ರೆ? ಅವಳು ಬರೋದು ಬೇಡ, ತಬ್ಕೊಳ್ಳೋದು ಬೇಡ. ಬೋಗುಣಿ ಒಳಗೆ ತಗೊಂಡು ಹೋದ್ಲು ಅಂತ, ಅಷ್ಟೇ. ನೀನೂ ಆವತ್ತು ಅದನ್ನೇ ಹೇಳ್ದೆ. ಅಷ್ಟಾದ್ರೂ ಮಾಡೇ ಅಂತ.”

ಹೇಳಿದ್ದೆ. ನಿಜ. ನನಗೆ ಆ ಕೊನೆ ಈಗಲೂ ಹಿಡಿಸುವುದಿಲ್ಲ. ಅದನ್ನು ಕೇಳಿದಾಗೆಲ್ಲ ಎದ್ದುಹೋಗಿ ಆ ಅಕ್ಕನ ಬಾಗಿಲು ಬಡಿಯಬೇಕು ಎನ್ನಿಸುತ್ತದೆ.

“ನಿಮ್ಮಕ್ಕ ತಗೊಂಡು ಹೋದ್ರಾ?” ಎಂದು ಕೇಳಿದೆ.

ಚೆನ್ನಾಜ ತಲೆ ಅಲ್ಲಾಡಿಸಿದಳು.

ನಾನು ಚಮಚ ತೆಗೆದುಕೊಂಡು ಲೋಟ ತಟ್ಟಿದೆ. ಅವಳು ನನ್ನನ್ನು ಕೊಲ್ಲುವ ಹಾಗೆ ನೋಡಿದಳು. ಆಮೇಲೆ ಪೆನ್ನು ಎತ್ತಿಕೊಂಡು ಬರೆದಳು.

ಜೆರಾಕ್ಸ್ ಆದ ಮೊದಲ ಪ್ರತಿ ನಮ್ಮ ಮನೆಯಲ್ಲೇ ಉಳಿಯಿತು, ಇನ್ನೊಂದನ್ನು ಯಶಸ್ವಿನಿ ಬಂದು ಇಸಿದುಕೊಂಡು ಹೋದಳು. ಕಂಪನಿಯ ಸ್ಲೇಟುಗಳಲ್ಲಿ ಅಕ್ಕ ಬೀದಿ ದಾಟಿ ಬಂದು ತಬ್ಬಿಕೊಳ್ಳುತ್ತಲೇ ಇದ್ದಾಳೆ, ಗೋಡೆಯ ದೀಪಗಳು ಹಸಿರಾಗಿಯೇ ಇವೆ. ಅದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ನಿನ್ನೆ ಊಟವಾದ ಮೇಲೆ ನರಹರಿ ಹಾಳೆಗಳ ಕಟ್ಟು ಹಿಡಿದು ಕೂತರು. ಕೊನೆಯ ಅಧ್ಯಾಯವನ್ನು ನಾನು ಹೇಳುವಾಗ ಅವರು ಅಡುಗೆಮನೆಯಲ್ಲಿದ್ದರು, ಕೇಳಿರಲಿಲ್ಲ. ಮುಗಿಸಿದವರೇ ಕಟ್ಟನ್ನು ಮೇಜಿನ ಮೇಲೆ ಕುಕ್ಕಿದರು. ಹುಬ್ಬುಗಳ ನಡುವೆ ಆ ಹಳೆಯ ಗಂಟು.

“ಇದೇನೇ ಇದು? ತಗೊಂಡು ಹೋಗಬೇಕಿತ್ತು ಅವಳು.”

“ಯಾರು?”

“ಅಕ್ಕ. ಬೋಗುಣಿ. ಒಂದು ಬೋಗುಣಿ ಒಳಗಿಟ್ಕೊಳ್ಳೋಕೆ ಏನಾಗಿತ್ತು ಅವಳಿಗೆ ಧಾಡಿ?”

ಅವರು ಕಟ್ಟನ್ನು ಮತ್ತೆ ಹತ್ತಿರಕ್ಕೆ ಎಳೆದುಕೊಂಡು ಕೊನೆಯ ಹಾಳೆ ತೆಗೆದರು. ಹುಬ್ಬು ಇನ್ನಷ್ಟು ಗಂಟಿಕ್ಕಿ ಅದನ್ನೇ ನೋಡಿದರು. ಮಗುಚಿಟ್ಟು, ಸ್ವಲ್ಪ ಹೊತ್ತು ಬಿಟ್ಟು, ತಿರುಗಿಸಿ ಇನ್ನೊಮ್ಮೆ ನೋಡಿದರು.

ಬೋಗುಣಿ ಅಲ್ಲೇ ಇತ್ತು.